ಇಂಗ್ಲೆಂಡಿನ ಚರ್ಚ್ ಪ್ರಾಥಮಿಕ ಶಾಲೆಯ ತಪಾಸಣಾ ವರದಿಗಳನ್ನು ಓದುವ ಬಗೆ

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಮಗುವಿಗೆ ಪ್ರಾಥಮಿಕ ಶಾಲೆ ಹುಡುಕಲು ಹೊರಟರೆ, ಮನೆಗೆ ಅತಿ ಸಮೀಪದ ಶಾಲೆಯ ಹೆಸರು ಯಾರಾದರೂ ಸಂತರ ಹೆಸರಿನಿಂದ ಆರಂಭವಾಗುವ ಸಂಭವ ಸಾಕಷ್ಟಿದೆ. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಕಾಲು ಭಾಗ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದವು. ಕ್ಯಾಥೊಲಿಕ್ ಶಾಲೆಗಳು ಅದರ ಮೇಲೆ. ಊರಿನಲ್ಲಿ ‘ಕಾನ್ವೆಂಟ್’ ಎಂದರೆ ಶುಲ್ಕ ಕಟ್ಟಿ ಸೇರಿಸುವ ಇಂಗ್ಲಿಷ್ ಮಾಧ್ಯಮದ ಶಾಲೆ ಎಂಬ ಅರ್ಥ ನಮ್ಮ ಮನಸ್ಸಿನಲ್ಲಿ ಬೇರೂರಿರುವುದರಿಂದ, ಈ ಶಾಲೆಗಳು ಸರ್ಕಾರದ ಹಣದಲ್ಲಿ ನಡೆಯುತ್ತವೆ, ಶುಲ್ಕ ಪಡೆಯುವುದಿಲ್ಲ ಮತ್ತು ಉಳಿದ ಸರ್ಕಾರಿ ಶಾಲೆಗಳಂತೆಯೇ ತಪಾಸಣೆಗೆ ಒಳಪಡುತ್ತವೆ ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಶುಲ್ಕ ಪಡೆಯುವ ಖಾಸಗಿ ಕ್ರೈಸ್ತ ಶಾಲೆಗಳೂ ಇವೆಯಾದರೂ ಅವುಗಳ ತಪಾಸಣೆ ಬೇರೊಂದು ಮಾನದಂಡದ ಮೇಲೆ ನಡೆಯುವುದರಿಂದ ಈ ಬರಹದಲ್ಲಿ ಅವು ಸೇರಿಲ್ಲ. ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳ ವ್ಯವಸ್ಥೆಯೂ ಬೇರೆ.

ಚರ್ಚ್ ಶಾಲೆಯೊಂದರ ಬಗ್ಗೆ ಪಾಲಕರು ಮಾಡುವ ಸಾಮಾನ್ಯ ತಪ್ಪೆಂದರೆ ಒಂದೇ ವರದಿಯನ್ನು ಓದಿ ನಿಲ್ಲಿಸುವುದು. ಇಂಥ ಶಾಲೆಗೆ ಎರಡು ತಪಾಸಣೆಗಳು ನಡೆಯುತ್ತವೆ. ಮೊದಲನೆಯದು ಎಲ್ಲರಿಗೂ ಪರಿಚಿತವಾದ ಆಫ್‌ಸ್ಟೆಡ್ ತಪಾಸಣೆ. 1992ರ ಕಾಯ್ದೆಯಿಂದ ಹುಟ್ಟಿದ ಈ ಸರ್ಕಾರಿ ತಪಾಸಣಾ ಸಂಸ್ಥೆ ಈಗ ಶಾಲೆಗಳನ್ನು 2005ರ ಶಿಕ್ಷಣ ಕಾಯ್ದೆಯ 5ನೆಯ ಸೆಕ್ಷನ್ನಿನ ಅನ್ವಯ ತಪಾಸಣೆ ಮಾಡುತ್ತದೆ. ಎರಡನೆಯದು ಅದೇ ಕಾಯ್ದೆಯ 48ನೆಯ ಸೆಕ್ಷನ್ನಿನ ಅನ್ವಯ ಚರ್ಚಿನ ಕಡೆಯಿಂದ ನಡೆಯುವ ತಪಾಸಣೆ. ಆಂಗ್ಲಿಕನ್ (ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ) ಮತ್ತು ಮೆಥಡಿಸ್ಟ್ ಶಾಲೆಗಳಲ್ಲಿ ಇದನ್ನು ‘ಸಿಯಾಮ್ಸ್’ ಎಂದು ಕರೆಯುತ್ತಾರೆ. ಕ್ಯಾಥೊಲಿಕ್ ಶಾಲೆಗಳಲ್ಲಿ 2022ರ ಸೆಪ್ಟೆಂಬರಿನಿಂದ ‘ಕ್ಯಾಥೊಲಿಕ್ ಸ್ಕೂಲ್ಸ್ ಇನ್‌ಸ್ಪೆಕ್ಟರೇಟ್’ ದೇಶಕ್ಕೆಲ್ಲ ಒಂದೇ ಮಾನದಂಡವನ್ನಿಟ್ಟುಕೊಂಡು ಇದನ್ನು ನಡೆಸುತ್ತಿದೆ. ಮಗು ಓದು, ಬರಹ, ಲೆಕ್ಕ ಚೆನ್ನಾಗಿ ಕಲಿಯುತ್ತದೆಯೇ, ಸುರಕ್ಷಿತವಾಗಿದೆಯೇ ಎಂದು ಮೊದಲನೆಯದು ಕೇಳುತ್ತದೆ. ಚರ್ಚ್ ಶಾಲೆ ಎಂಬ ಹೆಸರಿಗೆ ತಕ್ಕಂತೆ ಈ ಶಾಲೆ ನಡೆದುಕೊಳ್ಳುತ್ತಿದೆಯೇ ಎಂದು ಎರಡನೆಯದು ಕೇಳುತ್ತದೆ. ಒಂದರಲ್ಲಿ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಅನ್ವಯಿಸಲಾಗದು.

ಶಾಲೆ ಯಾವ ಬಗೆಯದು ಎಂಬುದನ್ನು ಮೊದಲು ತಿಳಿಯಿರಿ

ವರದಿ ತೆರೆಯುವ ಮುನ್ನ ಶಾಲೆಯ ಬಗೆಯನ್ನು ಗುರುತಿಸಿಕೊಳ್ಳಬೇಕು. ಪ್ರತಿ ಶಾಲೆಗೂ ಆರು ಅಂಕಿಗಳ ‘ಯುಆರ್‌ಎನ್’ ಎಂಬ ಗುರುತಿನ ಸಂಖ್ಯೆ ಇದ್ದು, ಸರ್ಕಾರದ ಶಾಲಾ ಮಾಹಿತಿ ಜಾಲತಾಣದಲ್ಲಿ ಆ ಸಂಖ್ಯೆಯನ್ನೋ ಹೆಸರನ್ನೋ ಹಾಕಿದರೆ ಅದು ‘ವಾಲಂಟರಿ ಏಡೆಡ್’ ಶಾಲೆಯೋ, ‘ವಾಲಂಟರಿ ಕಂಟ್ರೋಲ್ಡ್’ ಶಾಲೆಯೋ ಅಥವಾ ಅಕಾಡೆಮಿಯೋ (ಸ್ಥಳೀಯ ಆಡಳಿತದ ಬದಲು ಟ್ರಸ್ಟೊಂದು ಸರ್ಕಾರದ ಹಣದಲ್ಲಿ ನಡೆಸುವ ಶಾಲೆ) ಎಂಬುದು ಕಾಣುತ್ತದೆ. ಏಡೆಡ್ ಶಾಲೆಯಲ್ಲಿ ಆಡಳಿತ ಮಂಡಳಿಯ ಬಹುಮತ ಚರ್ಚ್ ನೇಮಿಸಿದವರದು. ಪ್ರವೇಶದ ನಿಯಮಗಳನ್ನು ಆ ಮಂಡಳಿಯೇ ರೂಪಿಸುತ್ತದೆ ಮತ್ತು ಧರ್ಮಶಿಕ್ಷಣವೂ ಚರ್ಚಿನ ರೀತಿಗೆ ಅನುಗುಣವಾಗಿರುತ್ತದೆ. ಕಂಟ್ರೋಲ್ಡ್ ಶಾಲೆಯಲ್ಲಿ ಪ್ರವೇಶವು ಸ್ಥಳೀಯ ಆಡಳಿತದ ಕೈಯಲ್ಲಿರುತ್ತದೆ ಮತ್ತು ಧರ್ಮಶಿಕ್ಷಣವು ಸಾಮಾನ್ಯವಾಗಿ ಆ ಪ್ರದೇಶದ ಎಲ್ಲ ಶಾಲೆಗಳಿಗೂ ಒಪ್ಪಿತವಾದ ಪಠ್ಯಕ್ರಮದಂತೆ ನಡೆಯುತ್ತದೆ. ಅಕಾಡೆಮಿಯ ವಿಷಯದಲ್ಲಿ ಅದು ಹಿಂದೆ ಈ ಎರಡರಲ್ಲಿ ಯಾವುದಾಗಿತ್ತು ಎಂದು ನೋಡಿದರೆ ಬಹುಮಟ್ಟಿಗೆ ಸುಳಿವು ಸಿಗುತ್ತದೆ.

ಈ ವ್ಯತ್ಯಾಸಕ್ಕೂ ವರದಿಗೂ ನೇರ ಸಂಬಂಧವಿದೆ. ಏಡೆಡ್ ಶಾಲೆಯಲ್ಲಿ ಆಫ್‌ಸ್ಟೆಡ್‌ನವರು ಧರ್ಮಶಿಕ್ಷಣದ ಪಾಠವನ್ನಾಗಲಿ ಸಾಮೂಹಿಕ ಪ್ರಾರ್ಥನೆಯ ಹೂರಣವನ್ನಾಗಲಿ ಅಳೆಯುವುದಿಲ್ಲ. ಅದು ಚರ್ಚ್ ತಪಾಸಕರ ಪಾಲಿನ ಕೆಲಸ. ಆದ್ದರಿಂದ ಇಂಥ ಶಾಲೆಯ ಆಫ್‌ಸ್ಟೆಡ್ ವರದಿಯಲ್ಲಿ ಧರ್ಮಶಿಕ್ಷಣದ ಪ್ರಸ್ತಾಪವೇ ಇಲ್ಲದಿದ್ದರೆ, ಆ ವಿಷಯ ಅಲ್ಲಿ ಹಗುರವಾಗಿದೆ ಎಂದು ಭಾವಿಸುವುದು ತಪ್ಪಾಗುತ್ತದೆ.

ದಿನಾಂಕವನ್ನು ಮೊದಲು, ದರ್ಜೆಯನ್ನು ಆಮೇಲೆ ನೋಡಿ

ಆಫ್‌ಸ್ಟೆಡ್‌ನ ಮಾನದಂಡ ಇತ್ತೀಚಿನ ವರ್ಷಗಳಲ್ಲಿ ಎರಡು ಬಾರಿ ಬದಲಾಗಿದೆ. ಹಾಗಾಗಿ ತಪಾಸಣೆ ನಡೆದ ದಿನಾಂಕವನ್ನು ನೋಡದೆ ದರ್ಜೆಯನ್ನು ಅರ್ಥಮಾಡಿಕೊಳ್ಳಲಾಗದು. 2024ರ ಬೇಸಿಗೆಯವರೆಗೆ ಪ್ರತಿ ಶಾಲೆಗೂ ‘ಔಟ್‌ಸ್ಟ್ಯಾಂಡಿಂಗ್’, ‘ಗುಡ್’, ‘ರಿಕ್ವೈರ್ಸ್ ಇಂಪ್ರೂವ್‌ಮೆಂಟ್’, ‘ಇನ್‌ಆಡಿಕ್ವೇಟ್’ ಎಂಬ ನಾಲ್ಕರಲ್ಲಿ ಒಂದು ಒಟ್ಟು ದರ್ಜೆ ಸಿಗುತ್ತಿತ್ತು. ಒಂದೇ ಪದದಲ್ಲಿ ಶಾಲೆಯನ್ನು ಅಳೆಯುವ ಈ ಪದ್ಧತಿ ಶಿಕ್ಷಕರ ಮೇಲೆ ಹೇರುವ ಒತ್ತಡದ ಬಗ್ಗೆ, ವಿಶೇಷವಾಗಿ ರೆಡಿಂಗ್‌ನ ಮುಖ್ಯೋಪಾಧ್ಯಾಯಿನಿಯೊಬ್ಬರು 2023ರ ಜನವರಿಯಲ್ಲಿ ತೀರಿಕೊಂಡ ಬಳಿಕ, ದೇಶದಾದ್ಯಂತ ಚರ್ಚೆ ನಡೆದು 2024ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಶಾಲೆಗಳಿಗೆ ಒಟ್ಟು ದರ್ಜೆ ಕೊಡುವುದನ್ನು ನಿಲ್ಲಿಸಲಾಯಿತು. ಮುಂದಿನ ಸುಮಾರು ಒಂದು ವರ್ಷದ ವರದಿಗಳಲ್ಲಿ ಶಿಕ್ಷಣದ ಗುಣಮಟ್ಟ, ನಡವಳಿಕೆ, ವ್ಯಕ್ತಿತ್ವ ವಿಕಾಸ, ನಾಯಕತ್ವ ಎಂಬ ವಿಭಾಗಗಳಿಗೆ ಹಳೆಯ ನಾಲ್ಕು ಪದಗಳೇ ಇರುತ್ತವೆ, ಆದರೆ ಎಲ್ಲವನ್ನೂ ಒಟ್ಟುಗೂಡಿಸುವ ಪದ ಇರುವುದಿಲ್ಲ.

2025ರ ನವೆಂಬರಿನಿಂದ ‘ರಿಪೋರ್ಟ್ ಕಾರ್ಡ್’ ಬಂದಿದೆ. ಎಲ್ಲ ಮಕ್ಕಳನ್ನೂ ಒಳಗೊಳ್ಳುವಿಕೆ, ಪಠ್ಯಕ್ರಮ ಮತ್ತು ಬೋಧನೆ, ಮಕ್ಕಳ ಸಾಧನೆ, ಹಾಜರಿ ಮತ್ತು ನಡವಳಿಕೆ, ವ್ಯಕ್ತಿತ್ವ ವಿಕಾಸ ಮತ್ತು ಯೋಗಕ್ಷೇಮ, ನಾಯಕತ್ವ ಮತ್ತು ಆಡಳಿತ, ಜೊತೆಗೆ ಐದು ವರ್ಷದೊಳಗಿನ ಮಕ್ಕಳ ತರಗತಿಗಳಿದ್ದರೆ ಅವು ಎಂದು ವಿಭಾಗಗಳನ್ನು ಮಾಡಿ, ಪ್ರತಿಯೊಂದಕ್ಕೂ ಐದು ಹಂತಗಳಲ್ಲಿ ಒಂದನ್ನು ಕೊಡಲಾಗುತ್ತದೆ. ಮೇಲಿನಿಂದ ಕೆಳಕ್ಕೆ ಅವು ‘ಎಕ್ಸೆಪ್ಷನಲ್’, ‘ಸ್ಟ್ರಾಂಗ್ ಸ್ಟ್ಯಾಂಡರ್ಡ್’, ‘ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್’, ‘ನೀಡ್ಸ್ ಅಟೆನ್ಷನ್’ ಮತ್ತು ‘ಅರ್ಜೆಂಟ್ ಇಂಪ್ರೂವ್‌ಮೆಂಟ್’. ಮಕ್ಕಳ ಸುರಕ್ಷತೆಗೆ ಮಾತ್ರ ಹಂತಗಳಿಲ್ಲ. ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರ. ಮಧ್ಯದ ‘ಎಕ್ಸ್‌ಪೆಕ್ಟೆಡ್’ ಎಂಬುದನ್ನು ನಮ್ಮ ಪರೀಕ್ಷೆಗಳ ‘ಜಸ್ಟ್ ಪಾಸ್’ ಎಂದು ಓದಿಕೊಳ್ಳುವವರಿದ್ದಾರೆ. ಅದು ಸರಿಯಲ್ಲ: ಶಾಲೆಯೊಂದು ಮಾಡಬೇಕಾದ ಕೆಲಸವನ್ನು ಮಾಡುತ್ತಿದೆ ಎಂಬುದೇ ಅದರ ಅರ್ಥ. ಹಳೆಯ ‘ಗುಡ್’ ಈಗಿನ ಯಾವ ಹಂತಕ್ಕೆ ಸಮ ಎಂದು ಹೊಂದಿಸಿ ನೋಡುವುದೂ ವ್ಯರ್ಥ, ಏಕೆಂದರೆ ಎರಡರ ಅಳತೆಗೋಲೇ ಬೇರೆ.

ದಿನಾಂಕದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 2012ರಿಂದ 2020ರವರೆಗೆ ‘ಔಟ್‌ಸ್ಟ್ಯಾಂಡಿಂಗ್’ ದರ್ಜೆಯ ಶಾಲೆಗಳಿಗೆ ನಿಯತ ತಪಾಸಣೆಯಿಂದ ವಿನಾಯಿತಿ ಇತ್ತು. ಅದರಿಂದಾಗಿ ಕೆಲವು ಶಾಲೆಗಳು ಹತ್ತು ವರ್ಷಕ್ಕೂ ಹಿಂದಿನ ಕೀರ್ತಿಯನ್ನು ಗೇಟಿನ ಮೇಲಿನ ಫಲಕದಲ್ಲಿ ಹೊತ್ತು ನಿಂತವು. ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ಬದಲಾಗಿರುತ್ತಿದ್ದರು, ಆಗ ಕಲಿತ ಮಕ್ಕಳು ಕಾಲೇಜು ಮುಟ್ಟಿರುತ್ತಿದ್ದರು. ಫಲಕವನ್ನು ಕಂಡಾಗ ಅದರ ಮೂಲೆಯಲ್ಲಿರುವ ವರ್ಷವನ್ನು ಓದುವ ಅಭ್ಯಾಸ ಇಟ್ಟುಕೊಳ್ಳಿ. ಇದಕ್ಕೆ ಪ್ರತಿಯಾಗಿ, ಶಾಲೆ ಅಕಾಡೆಮಿಯಾಗಿ ಪರಿವರ್ತನೆಗೊಂಡಾಗ ಹೊಸ ಯುಆರ್‌ಎನ್ ಸಿಗುವುದರಿಂದ, ಹಳೆಯ ವರದಿಗಳು ಹೊಸ ಸಂಖ್ಯೆಯ ಕೆಳಗೆ ಕಾಣದೆ ಹೋಗಬಹುದು. ‘ವರದಿ ಇಲ್ಲ’ ಎಂದು ಬಂದರೆ ಅದೇ ಕಟ್ಟಡದಲ್ಲಿದ್ದ ಹಳೆಯ ಶಾಲೆಯ ಸಂಖ್ಯೆಯಿಂದ ಹುಡುಕಿ ನೋಡಿ.

ಆಫ್‌ಸ್ಟೆಡ್ ವರದಿಯನ್ನು ಹಿಂದಿನಿಂದ ಓದಿ

ವರದಿಯ ಮೊದಲ ಪುಟ ಬಹುತೇಕ ಎಲ್ಲ ಶಾಲೆಗಳಲ್ಲೂ ಒಂದೇ ಧಾಟಿಯದು: ಮಕ್ಕಳು ಸಂತೋಷದಿಂದ ಶಾಲೆಗೆ ಬರುತ್ತಾರೆ, ಶಿಕ್ಷಕರು ಅವರನ್ನು ಚೆನ್ನಾಗಿ ಬಲ್ಲರು, ಜಗಳವಾದರೆ ದೊಡ್ಡವರು ಬಗೆಹರಿಸುತ್ತಾರೆ. ಇದು ಸುಳ್ಳಲ್ಲ, ಆದರೆ ಎರಡು ಶಾಲೆಗಳ ನಡುವೆ ಆಯ್ಕೆ ಮಾಡಲು ಇದರಿಂದ ಹೆಚ್ಚೇನೂ ಸಹಾಯವಾಗದು. ಹಳೆಯ ಮಾದರಿಯ ವರದಿಗಳಲ್ಲಿ ಕೊನೆಯ ಪುಟಗಳ ಕಡೆಗೆ, ಶಾಲೆ ಸುಧಾರಿಸಲು ಏನು ಮಾಡಬೇಕು ಎಂಬ ಭಾಗವಿರುತ್ತದೆ. ಅಲ್ಲಿಂದ ಓದಲು ಆರಂಭಿಸಿ. ತಪಾಸಕರು ಹೊಗಳುವಾಗ ಸಾಮಾನ್ಯ ಮಾತುಗಳನ್ನು ಆಡುತ್ತಾರೆ. ದೋಷ ಹೇಳುವಾಗ ಮಾತ್ರ, ಶಾಲೆ ಅದನ್ನು ಪ್ರಶ್ನಿಸಬಹುದಾದ್ದರಿಂದ, ಪುರಾವೆ ಹಿಡಿದು ಅಳೆದು ತೂಗಿ ಬರೆಯುತ್ತಾರೆ.

ದೋಷಗಳಲ್ಲಿಯೂ ತೂಕ ಬೇರೆ ಬೇರೆ. ‘ಕೆಲವು ವಿಷಯಗಳಲ್ಲಿ ಮಕ್ಕಳು ಏನನ್ನು ನೆನಪಿಡಬೇಕು ಎಂಬುದನ್ನು ಶಾಲೆ ಸ್ಪಷ್ಟವಾಗಿ ಗುರುತಿಸಿಲ್ಲ’ ಎಂಬ ಅರ್ಥದ ವಾಕ್ಯ 2019ರ ನಂತರದ ಪ್ರಾಥಮಿಕ ಶಾಲಾ ವರದಿಗಳಲ್ಲಿ ಪದೇ ಪದೇ ಎದುರಾಗುತ್ತದೆ. ಇತಿಹಾಸ, ಭೂಗೋಳದಂಥ ವಿಷಯಗಳ ಪಠ್ಯಯೋಜನೆ ಇನ್ನೂ ಪಕ್ವವಾಗಿಲ್ಲ ಎಂದಷ್ಟೇ ಇದರ ಅರ್ಥವಾದ್ದರಿಂದ ಇದಕ್ಕಾಗಿ ಶಾಲೆಯನ್ನು ಪಟ್ಟಿಯಿಂದ ಕೈಬಿಡಬೇಕಾಗಿಲ್ಲ. ಆದರೆ ಓದು ಕಲಿಸುವ ಕ್ರಮದಲ್ಲಿ ಕೊರತೆ ಇದೆ, ಅಕ್ಷರಗಳನ್ನು ಧ್ವನಿಗಳಿಗೆ ಜೋಡಿಸಿ ಓದಲು ಕಲಿಸುವ ಫೋನಿಕ್ಸ್ ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಬೇಗ ಗುರುತಿಸುತ್ತಿಲ್ಲ, ಚಿಕ್ಕ ಮಕ್ಕಳಿಗೆ ಓದಲು ಕೊಡುವ ಪುಸ್ತಕಗಳು ಅವರು ಕಲಿತ ಧ್ವನಿಗಳಿಗೆ ಹೊಂದುತ್ತಿಲ್ಲ ಎಂಬ ಮಾತು ಬಂದರೆ ಅಲ್ಲಿ ನಿಲ್ಲಬೇಕು. ಮನೆಯಲ್ಲಿ ಕನ್ನಡ ಮಾತನಾಡಿ ಶಾಲೆಗೆ ಹೋಗಿ ಇಂಗ್ಲಿಷ್ ಓದಲು ಕಲಿಯುವ ಮಗುವಿಗೆ ಮೊದಲ ಎರಡು ವರ್ಷಗಳ ಈ ಪಾಠವೇ ಅಡಿಪಾಯ. ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ ಬಂದಿರುವ ಟೀಕೆಯನ್ನೂ, ನಿಮ್ಮ ಮಗುವಿಗೆ ಅದು ಅನ್ವಯಿಸದಿದ್ದರೂ, ಗಂಭೀರವಾಗಿ ತೆಗೆದುಕೊಳ್ಳಿ. ತರಗತಿಯಲ್ಲಿ ಹಿಂದುಳಿದವರನ್ನು ಶಾಲೆ ಹೇಗೆ ನೋಡಿಕೊಳ್ಳುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ಉತ್ತರ ‘ಇಲ್ಲ’ ಎಂದಿದ್ದರೆ ಕಾರಣ ಏನೆಂದು ಓದದೆ ಮುಂದೆ ಹೋಗಬೇಡಿ. ದಾಖಲೆ ಇಡುವಲ್ಲಿನ ಲೋಪವಾಗಿದ್ದು ಅದು ಈಗಾಗಲೇ ಸರಿಪಡಿಸಲ್ಪಟ್ಟಿರಬಹುದು, ಮಕ್ಕಳ ದೂರನ್ನು ಯಾರೂ ಕೇಳಿಸಿಕೊಳ್ಳದ ಸ್ಥಿತಿಯೂ ಆಗಿರಬಹುದು. ಎರಡೂ ಒಂದೇ ಅಲ್ಲ.

ವರದಿಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಮಾಹಿತಿಯನ್ನು ಬಿಡಬಾರದು. ಶಾಲೆ ಯಾವ ಡಯಾಸಿಸ್‌ಗೆ (ಬಿಷಪ್‌ರ ಆಡಳಿತ ಪ್ರಾಂತ್ಯಕ್ಕೆ) ಸೇರಿದೆ, ಸೆಕ್ಷನ್ 48ರ ಕಳೆದ ತಪಾಸಣೆ ಯಾವಾಗ ನಡೆಯಿತು ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಎರಡನೆಯ ವರದಿಯನ್ನು ಹುಡುಕಲು ಆ ಒಂದು ಸಾಲು ಸಾಕು.

ಅಂಕಿಗಳ ವಿಷಯ

ವರದಿಯೊಂದಿಗೆ ಆರನೆಯ ವರ್ಷದ ಕೊನೆಯ ‘ಸ್ಯಾಟ್ಸ್’ ಪರೀಕ್ಷೆಗಳ ಫಲಿತಾಂಶವನ್ನೂ ನೋಡುವುದು ರೂಢಿ. ಅಲ್ಲಿನ ಅಂಕಗಳು 80ರಿಂದ 120ರ ನಡುವೆ ಇರುತ್ತವೆ. 100 ಬಂದರೆ ನಿರೀಕ್ಷಿತ ಮಟ್ಟ ಮುಟ್ಟಿದಂತೆ. ಓದು, ಬರಹ, ಗಣಿತ ಮೂರರಲ್ಲೂ ಈ ಮಟ್ಟ ಮುಟ್ಟಿದ ಮಕ್ಕಳು ಇಡೀ ಇಂಗ್ಲೆಂಡಿನಲ್ಲಿ 2024ರಲ್ಲಿ ಶೇ 61, 2025ರಲ್ಲಿ ಶೇ 62. ಹಳ್ಳಿಗಳ ಚರ್ಚ್ ಶಾಲೆಗಳು ಅನೇಕ ಬಾರಿ ಬಹಳ ಚಿಕ್ಕವು. ಆರನೆಯ ವರ್ಷದಲ್ಲಿ ಹದಿನೈದೇ ಮಕ್ಕಳಿದ್ದರೆ ಒಬ್ಬೊಬ್ಬರ ತೂಕವೂ ಶೇ 6.7ರಷ್ಟಾಗುತ್ತದೆ. ಪರೀಕ್ಷೆಯ ವಾರ ಇಬ್ಬರಿಗೆ ಜ್ವರ ಬಂದರೂ ಶಾಲೆ ‘ಕುಸಿದಂತೆ’ ಕಾಣಬಹುದು. ಆದ್ದರಿಂದ ಒಂದು ವರ್ಷದ ಅಂಕಿಯನ್ನು ನೋಡಬೇಡಿ. ಮೂರು ವರ್ಷಗಳದನ್ನು ಪಕ್ಕಪಕ್ಕ ಇಟ್ಟು ನೋಡಿ.

ಚರ್ಚ್ ತಪಾಸಣೆಯ ವರದಿ

ಸಿಯಾಮ್ಸ್ ವರದಿ ಗಾತ್ರದಲ್ಲಿ ಚಿಕ್ಕದು, ಭಾಷೆಯಲ್ಲಿ ಕಷ್ಟದ್ದು. ಶಾಲೆಯ ‘ಕ್ರೈಸ್ತ ದರ್ಶನ’ ಏನು ಎಂಬ ಒಂದೆರಡು ಸಾಲುಗಳಿಂದ, ಹಲವು ಬಾರಿ ಬೈಬಲ್ಲಿನ ಒಂದು ವಚನ ಅಥವಾ ಕಥೆಯ ಆಧಾರದಿಂದ, ಅದು ಆರಂಭವಾಗುತ್ತದೆ. ಆ ದರ್ಶನ ಗೋಡೆಯ ಮೇಲೆ ಮಾತ್ರ ಇದೆಯೋ ಅಥವಾ ಶಾಲೆಯ ನಿತ್ಯದ ತೀರ್ಮಾನಗಳಲ್ಲಿಯೂ ಇದೆಯೋ ಎಂದು ಉಳಿದ ವರದಿ ಪರಿಶೀಲಿಸುತ್ತದೆ: ಪಠ್ಯಕ್ರಮದಲ್ಲಿ ಅದರ ಛಾಯೆ ಇದೆಯೇ, ಸಾಮೂಹಿಕ ಪ್ರಾರ್ಥನೆ ಮಕ್ಕಳಿಗೂ ಸಿಬ್ಬಂದಿಗೂ ಅರ್ಥಪೂರ್ಣವಾಗಿದೆಯೇ, ಶಾಲೆಯಲ್ಲಿ ಎಲ್ಲರನ್ನೂ ಗೌರವದಿಂದ ನಡೆಸಿಕೊಳ್ಳುತ್ತಾರೆಯೇ, ನ್ಯಾಯ ಮತ್ತು ಹೊಣೆಗಾರಿಕೆಯ ಪ್ರಜ್ಞೆಯನ್ನು ಬೆಳೆಸುತ್ತಾರೆಯೇ, ಧರ್ಮಶಿಕ್ಷಣ ಪರಿಣಾಮಕಾರಿಯಾಗಿದೆಯೇ. ಏಡೆಡ್ ಶಾಲೆಗಳಲ್ಲಿ ಧರ್ಮಶಿಕ್ಷಣದ ಗುಣಮಟ್ಟದ ಬಗ್ಗೆ ಹೆಚ್ಚುವರಿ ಪ್ರಶ್ನೆಯೊಂದು ಇರುತ್ತದೆ.

2023ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಸಿಯಾಮ್ಸ್ ಚೌಕಟ್ಟಿನಲ್ಲಿ ಆಫ್‌ಸ್ಟೆಡ್ ರೀತಿಯ ದರ್ಜೆಗಳನ್ನು ಕೈಬಿಟ್ಟು ಎರಡೇ ತೀರ್ಪುಗಳನ್ನು ಇಟ್ಟರು. ‘ಜೆ1’ ಎಂದರೆ ಚರ್ಚ್ ಶಾಲೆಯಾಗಿ ತನ್ನ ಮೂಲ ಉದ್ದೇಶಕ್ಕೆ ತಕ್ಕಂತೆ ಶಾಲೆ ಬಾಳುತ್ತಿದೆ ಎಂದು. ‘ಜೆ2’ ಎಂದರೆ ಪೂರ್ತಿಯಾಗಿ ಹಾಗಿಲ್ಲ, ಗಮನ ಕೊಡಬೇಕಾದ ಸಂಗತಿಗಳಿವೆ ಎಂದು. ಅದಕ್ಕೂ ಹಿಂದಿನ ವರದಿಯಾದರೆ ‘ಎಕ್ಸಲೆಂಟ್’, ‘ಗುಡ್’ ಮುಂತಾದ ಪದಗಳು ಸಿಗುತ್ತವೆ. ಕ್ಯಾಥೊಲಿಕ್ ತಪಾಸಣೆಯಲ್ಲಿ ಮಾತ್ರ 1ರಿಂದ 4ರವರೆಗಿನ ದರ್ಜೆ ಉಂಟು. ಕ್ಯಾಥೊಲಿಕ್ ಬದುಕು ಮತ್ತು ಧ್ಯೇಯ, ಧರ್ಮಶಿಕ್ಷಣ, ಸಾಮೂಹಿಕ ಪ್ರಾರ್ಥನೆ ಎಂಬ ಮೂರು ವಿಭಾಗಗಳನ್ನು ಅಲ್ಲಿ ನೋಡುತ್ತಾರೆ. ಇಲ್ಲಿ 1 ಎಂಬುದೇ ಅತ್ಯುತ್ತಮ.

ಕ್ರೈಸ್ತರಲ್ಲದ ಪಾಲಕರಿಗೆ ಈ ವರದಿ ಬೇಡವೆನಿಸಬಹುದು. ನನ್ನ ಅಭಿಪ್ರಾಯದಲ್ಲಿ ಅವರಿಗೇ ಇದು ಹೆಚ್ಚು ಬೇಕು. ಬೇರೆ ಧರ್ಮದ ಮಗು ಆ ಶಾಲೆಯಲ್ಲಿ ಹೇಗಿರುತ್ತದೆ ಎಂಬ ಪ್ರಶ್ನೆಗೆ ಆಫ್‌ಸ್ಟೆಡ್ ವರದಿಯಲ್ಲಿ ಒಂದೆರಡು ವಾಕ್ಯಗಳ ಉತ್ತರ ಸಿಕ್ಕರೆ ಹೆಚ್ಚು. ಈ ವರದಿಯಲ್ಲಿ ಪುಟಗಳೇ ಸಿಗುತ್ತವೆ. ಪ್ರಾರ್ಥನೆಯಲ್ಲಿ ಭಾಗವಹಿಸುವುದು ಮಕ್ಕಳಿಗೆ ಆಹ್ವಾನವೋ ಒತ್ತಾಯವೋ, ಧರ್ಮಶಿಕ್ಷಣದಲ್ಲಿ ಹಿಂದೂ, ಇಸ್ಲಾಂ, ಸಿಖ್, ಯೆಹೂದಿ ನಂಬಿಕೆಗಳನ್ನು ಆಳವಾಗಿ ಕಲಿಸುತ್ತಾರೋ ಅಥವಾ ಹಬ್ಬದ ಒಂದು ದಿನಕ್ಕೆ ಮುಗಿಸುತ್ತಾರೋ ಎಂಬುದನ್ನು ಹುಡುಕಿ ಓದಿ. ‘ಇತರ ವಿಶ್ವದೃಷ್ಟಿಗಳ ಬಗ್ಗೆ ಮಕ್ಕಳ ತಿಳಿವಳಿಕೆ ಇನ್ನಷ್ಟು ಆಳವಾಗಬೇಕು’ ಎಂಬ ಸಲಹೆ ಅಭಿವೃದ್ಧಿಯ ಅಂಶಗಳಲ್ಲಿ ಕಂಡರೆ, ಭೇಟಿಯ ದಿನ ಕೇಳಲು ಒಂದು ಪ್ರಶ್ನೆ ಸಿಕ್ಕಿತು. ಕ್ಯಾಥೊಲಿಕ್ ಶಾಲೆಯಾದರೆ ಬೋಧನೆಯ ಸಮಯದ ಶೇ 10ನ್ನು ಧರ್ಮಶಿಕ್ಷಣಕ್ಕೆ ಮೀಸಲಿಡಬೇಕೆಂಬುದು ಬಿಷಪ್‌ರ ನಿಯಮ. ಅದು ನಿಮಗೆ ಸಮ್ಮತವೇ ಎಂಬುದನ್ನು ಪ್ರವೇಶಕ್ಕೆ ಮುಂಚೆಯೇ ಮನೆಯಲ್ಲಿ ಮಾತನಾಡಿಕೊಳ್ಳಿ. ಧರ್ಮಶಿಕ್ಷಣದಿಂದಲೂ ಸಾಮೂಹಿಕ ಪ್ರಾರ್ಥನೆಯಿಂದಲೂ ಮಗುವನ್ನು ಹೊರಗಿಡುವ ಹಕ್ಕನ್ನು 1998ರ ಶಾಲಾ ಕಾಯ್ದೆ ಪಾಲಕರಿಗೆ ಕೊಟ್ಟಿದೆ, ಚರ್ಚ್ ಶಾಲೆಗೂ ಅದು ಅನ್ವಯಿಸುತ್ತದೆ. ಅಂದಹಾಗೆ, ಧರ್ಮದ ಹಂಗಿಲ್ಲದ ಸಾಮಾನ್ಯ ಸರ್ಕಾರಿ ಶಾಲೆಯಲ್ಲಿಯೂ ಪ್ರತಿದಿನ ಸಾಮೂಹಿಕ ಪ್ರಾರ್ಥನೆ ನಡೆಯಬೇಕೆಂದೂ ಅದು ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ್ದಾಗಿರಬೇಕೆಂದೂ ಕಾನೂನು ಹೇಳುತ್ತದೆ. ಪ್ರಾರ್ಥನೆ ತಪ್ಪಿಸಲೆಂದೇ ಚರ್ಚ್ ಶಾಲೆಯನ್ನು ಬಿಟ್ಟವರಿಗೆ ಇದು ಅಚ್ಚರಿಯ ಸಂಗತಿಯಾಗಬಹುದು.

ಎರಡನ್ನೂ ಎದುರುಬದುರು ಇಡಿ

ಎರಡೂ ವರದಿಗಳನ್ನು ಓದಿದ ಮೇಲೆ ಅವು ಎಲ್ಲಿ ಒಂದೇ ಮಾತು ಹೇಳುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಗುರುತು ಹಾಕಿಕೊಳ್ಳಿ. ಚರ್ಚ್ ತಪಾಸಕರು ಪ್ರೀತಿ, ಕರುಣೆ, ಸಮುದಾಯ ಎಂದು ಹೊಗಳಿದ ಶಾಲೆಯಲ್ಲೇ ಆಫ್‌ಸ್ಟೆಡ್‌ನವರು ಗಣಿತದ ಬೋಧನೆ ದುರ್ಬಲ ಎಂದು ಬರೆದಿದ್ದರೆ ಅದರಲ್ಲಿ ವಿರೋಧವಿಲ್ಲ, ಎರಡೂ ನಿಜವಿರಬಹುದು. ಆದರೆ ಮಕ್ಕಳ ನಡವಳಿಕೆ ಮತ್ತು ಪರಸ್ಪರ ಗೌರವದ ಬಗ್ಗೆ ಒಂದು ವರದಿ ಹೊಗಳಿ ಇನ್ನೊಂದು ಆತಂಕ ವ್ಯಕ್ತಪಡಿಸಿದ್ದರೆ, ಯಾವುದು ಹೊಸದು ಎಂದು ನೋಡಿ, ನಡುವೆ ಮುಖ್ಯೋಪಾಧ್ಯಾಯರು ಬದಲಾದರೇ ಎಂದು ವಿಚಾರಿಸಿ. ಚಿಕ್ಕ ಶಾಲೆಗಳಲ್ಲಿ ಇಂಥ ವ್ಯತ್ಯಾಸಕ್ಕೆ ಹೆಚ್ಚಾಗಿ ಅದೇ ಕಾರಣ.

ಅನಂತರ ಶಾಲೆಗೆ ಹೋಗಿ. ಸಭಾಂಗಣದಲ್ಲಿ ಎಲ್ಲರ ಮುಂದೆ ಕೇಳುವುದಕ್ಕಿಂತ ತರಗತಿಗಳನ್ನು ತೋರಿಸುವಾಗ ಜೊತೆಗೆ ನಡೆಯುತ್ತ ಕೇಳಿದರೆ ಉತ್ತರ ಸಹಜವಾಗಿ ಬರುತ್ತದೆ. ‘ಶಾಲೆ ಹೇಗಿದೆ’ ಎಂದು ಕೇಳಬೇಡಿ. ವರದಿಯಲ್ಲಿನ ಒಂದು ನಿರ್ದಿಷ್ಟ ವಾಕ್ಯವನ್ನು ಎತ್ತಿಕೊಂಡು ‘ಆ ವಿಷಯದಲ್ಲಿ ಈಚೆಗೆ ಏನು ಮಾಡಿದ್ದೀರಿ’ ಎಂದು ಕೇಳಿ. ಸರಿಯಾಗಿ ಕೆಲಸ ಮಾಡಿದ ಮುಖ್ಯೋಪಾಧ್ಯಾಯರು ತಡವರಿಸದೆ ವಿವರ ಕೊಡುತ್ತಾರೆ. ‘ಆ ತಪಾಸಕರಿಗೆ ನಮ್ಮ ಶಾಲೆ ಅರ್ಥವಾಗಲಿಲ್ಲ’ ಎಂಬ ಉತ್ತರ ಬಂದರೆ, ಅದು ನಿಜವೇ ಆಗಿದ್ದರೂ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಏಡೆಡ್ ಶಾಲೆಯಾದರೆ ಇನ್ನೊಂದು ಪ್ರಶ್ನೆಯನ್ನು ಮರೆಯಬೇಡಿ: ಸ್ಥಳಗಳಿಗಿಂತ ಅರ್ಜಿಗಳು ಹೆಚ್ಚಾದಾಗ ಚರ್ಚಿಗೆ ಹೋಗುವ ಕುಟುಂಬಗಳಿಗೆ ಆದ್ಯತೆ ಇದೆಯೇ, ಹಾಗಿದ್ದರೆ ಉಳಿದವರಿಗೆ ಕಳೆದ ವರ್ಷ ಎಷ್ಟು ಸ್ಥಳ ಉಳಿಯಿತು? ವರದಿ ಎಷ್ಟೇ ಚೆನ್ನಾಗಿದ್ದರೂ ಉತ್ತರ ಸೊನ್ನೆಯಾದರೆ ಆ ಶಾಲೆಯನ್ನು ಮೊದಲ ಆಯ್ಕೆಯಾಗಿ ಬರೆಯುವ ಮುನ್ನ ಯೋಚಿಸಬೇಕಾಗುತ್ತದೆ. ಇಂಥ ಶಾಲೆಗಳು ಸಾಮಾನ್ಯ ಅರ್ಜಿಯ ಜೊತೆಗೆ ತಮ್ಮದೇ ಪೂರಕ ನಮೂನೆಯನ್ನೂ ಕೇಳುವುದುಂಟು.

ಮಗು ಈಗಾಗಲೇ ಆ ಶಾಲೆಯಲ್ಲಿದ್ದು, ಹೊಸ ವರದಿ ಕೆಟ್ಟದಾಗಿ ಬಂದರೆ, ತಕ್ಷಣ ಶಾಲೆ ಬದಲಾಯಿಸುವ ಯೋಚನೆಗೆ ಬೀಳಬೇಡಿ. ಗಂಭೀರ ದೋಷ ಕಂಡ ಶಾಲೆಗೆ ತಪಾಸಕರು ಮತ್ತೆ ಮತ್ತೆ ಭೇಟಿ ಕೊಡುತ್ತಾರೆ, ಹೊರಗಿನ ನೆರವೂ ಬರುತ್ತದೆ. ಅಂಥ ವರ್ಷಗಳಲ್ಲಿ ಬೋಧನೆ ಮೊದಲಿಗಿಂತ ಬಿಗಿಯಾಗುವುದುಂಟು. ಶಾಲೆಯು ಪಾಲಕರ ಸಭೆ ಕರೆದರೆ ಹೋಗಿ, ಕರೆಯದಿದ್ದರೆ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಪತ್ರ ಬರೆದು ಸುಧಾರಣೆಯ ಯೋಜನೆಯನ್ನು ಕೇಳಿ. ಮುಂದಿನ ತಪಾಸಣೆ ಬಂದಾಗ ಆಫ್‌ಸ್ಟೆಡ್‌ನ ‘ಪೇರೆಂಟ್ ವ್ಯೂ’ ಪ್ರಶ್ನಾವಳಿಯನ್ನು ತುಂಬಿ ಕಳಿಸಿ; ಸೋಮವಾರ ಶಾಲೆಗೆ ಕರೆ ಬಂದು ಮರುದಿನವೇ ತಪಾಸಣೆ ಆರಂಭವಾಗುವುದರಿಂದ ಅದಕ್ಕೆ ಸಿಗುವ ಸಮಯ ಕಡಿಮೆ.

ಹೊಸದಾಗಿ ಸೇರಿಸುವವರು ಜನವರಿ 15ರೊಳಗೆ ಪ್ರಾಥಮಿಕ ಶಾಲೆಯ ಅರ್ಜಿ ಸಲ್ಲಿಸಬೇಕು. ಯಾವ ಶಾಲೆ ಸಿಕ್ಕಿತೆಂಬುದು ಏಪ್ರಿಲ್ 16ರಂದು ತಿಳಿಯುತ್ತದೆ. ಶರತ್ಕಾಲದ ಅವಧಿಯಲ್ಲಿ ತಪಾಸಣೆ ನಡೆದಿದ್ದರೂ ವರದಿ ಪ್ರಕಟವಾಗಲು ಕೆಲವು ವಾರಗಳು ಬೇಕಾಗುವುದರಿಂದ, ಅರ್ಜಿ ಕಳಿಸುವ ಹಿಂದಿನ ವಾರ ಆಫ್‌ಸ್ಟೆಡ್ ಮತ್ತು ಚರ್ಚ್ ತಪಾಸಣೆಯ ಎರಡೂ ಜಾಲತಾಣಗಳನ್ನು ಮತ್ತೊಮ್ಮೆ ತೆರೆದು ನೋಡಿ.